ಸಹಾಯ ಬೇಕು: ಬ್ಯಾಕ್ ಆನೊಟೇಶನ್ ಲೈಸೆನ್ಸ್ ಸಿಕ್ಕಿಹಾಕಿಕೊಂಡಿದೆ

ಎಲ್ಲರಿಗೂ ನಮಸ್ಕಾರ. ಶಿರಸಿಯ ಮನೆಯಿಂದಲೇ ಕೆಲಸ ಮಾಡುತ್ತೇನೆ. ಚಿಪ್ ಸರ್ಕ್ಯೂಟ್ ಓಡಿಸಿ ನೋಡುವ ಸಿಮ್ಯುಲೇಟರ್ ಟೂಲ್ ನನ್ನ ಲ್ಯಾಪ್‌ಟಾಪ್‌ನಲ್ಲಿ, ಲೈಸೆನ್ಸ್ ಸರ್ವರ್ ಬೆಂಗಳೂರಿನ ಆಫೀಸಿನಲ್ಲಿ.

ರಿಂಗ್ ಆಸಿಲೇಟರ್ ಎಂಬ ಸರ್ಕ್ಯೂಟ್‌ನ ಸ್ಕೀಮ್ಯಾಟಿಕ್ ನೆಟ್‌ಲಿಸ್ಟ್ (ಚಿತ್ರದಿಂದ ಬಂದ ಜೋಡಣೆಗಳ ಪಟ್ಟಿ) ಆರಾಮಾಗಿ ಓಡುತ್ತದೆ. ಆದರೆ ಲೇಔಟ್‌ನಿಂದ (ಚಿಪ್ ಮೇಲಿನ ನಿಜವಾದ ನಕ್ಷೆಯಿಂದ) ತೆಗೆದ ಡಿಎಸ್‌ಪಿಎಫ್ ಫೈಲ್ ಸೇರಿಸಿದ ಕೂಡಲೇ ಲೈಸೆನ್ಸ್ ಇಲ್ಲ ಅಂತ ನಿಲ್ಲುತ್ತದೆ. ತಂತಿಗಳ ರೆಸಿಸ್ಟೆನ್ಸ್, ಕೆಪಾಸಿಟೆನ್ಸ್ ಎಲ್ಲ ಅದರಲ್ಲೇ ಇರುವುದು. ಅದಿಲ್ಲದೆ ಬರುವ ಫ್ರೀಕ್ವೆನ್ಸಿ ನಿಜವಾದದ್ದಕ್ಕಿಂತ ಜಾಸ್ತಿ, ನಂಬಿ ಏನು ಪ್ರಯೋಜನ?

ನಮ್ಮ ಸಿಮ್ಯುಲೇಟರ್‌ನಲ್ಲಿ ಬ್ಯಾಕ್ ಆನೊಟೇಶನ್‌ಗೆ (ಹೀಗೆ ಲೇಔಟ್‌ನ ಮೌಲ್ಯಗಳನ್ನು ನೆಟ್‌ಲಿಸ್ಟ್‌ಗೆ ಸೇರಿಸುವುದಕ್ಕೆ) ಬೇರೆಯದೇ ಫೀಚರ್ ಲೈಸೆನ್ಸ್, ಅದು ಇರುವುದು ಒಂದೇ. ಲೈಸೆನ್ಸ್ ಯಾರ ಹತ್ತಿರ ಇದೆ ಅಂತ ತೋರಿಸುವ ಎಲ್‌ಎಮ್‌ಸ್ಟ್ಯಾಟ್ ಕಮಾಂಡ್ ಹಾಕಿದರೆ ಅದು ನನ್ನ ಹೆಸರಿನಲ್ಲೇ ಕೂತಿದೆ! ಮಳೆಗೆ ಕರೆಂಟ್ ಹೋಗಿ ವಿಪಿಎನ್ ಕಡಿದಾಗ ವಾಪಸ್ ಹೋಗದೆ ಉಳಿದಿರಬೇಕು. ಪ್ರತಿ ಸಲ ಅಡ್ಮಿನ್‌ಗೆ ಫೋನ್ ಮಾಡಿ ಅದನ್ನು ಬಿಡಿಸುವ ಎಲ್‌ಎಮ್‌ರಿಮೂವ್ ಹಾಕಿಸುವುದು ಅವರಿಗೂ ಬೇಜಾರು, ನನಗೂ.

ಲೈಸೆನ್ಸ್ ಸರ್ವರ್‌ನ ಆಪ್ಷನ್ಸ್ ಫೈಲ್‌ನಲ್ಲಿ ಟೈಮ್‌ಔಟ್ ಹಾಕಿದರೆ ಇಂಥ ಸತ್ತ ಕನೆಕ್ಷನ್ ಬಿಡುತ್ತದಾ? ಅಥವಾ ಡಿಎಸ್‌ಪಿಎಫ್ ಬಿಟ್ಟು, ಪ್ಯಾರಾಸಿಟಿಕ್‌ಗಳನ್ನೂ (ತಂತಿಗಳ ಅದೇ ರೆಸಿಸ್ಟೆನ್ಸ್, ಕೆಪಾಸಿಟೆನ್ಸ್) ಸೇರಿಸಿ ತೆಗೆದ ಸ್ಪೈಸ್ ನೆಟ್‌ಲಿಸ್ಟನ್ನೇ ನೇರವಾಗಿ ಓಡಿಸಿದರೆ ಈ ಫೀಚರ್ ಇಲ್ಲದೆ ನಡೆಯಬಹುದಾ? ಮಾಡಿ ನೋಡಿದವರು ಹೇಳಿ.

ಮ್ಯಾಜಿಕ್, ಎನ್‌ಜಿಸ್ಪೈಸ್ ಎಂಬ ಉಚಿತ ಟೂಲ್‌ಗಳು ಗೊತ್ತು. ಸ್ಕೈ130 ಎಂಬ ಓಪನ್ ಚಿಪ್ ಪ್ರೊಸೆಸ್‌ಗೆ ಚೆನ್ನಾಗಿವೆ, ನಮ್ಮ ಪ್ರೊಸೆಸ್‌ಗೆ ಫೈಲ್‌ಗಳಿಲ್ಲ. ಕ್ರ್ಯಾಕ್ ಕಳಿಸುತ್ತೇನೆ ಅನ್ನುವವರು ದಯವಿಟ್ಟು ಬೇಡ.