ಮನೆ ಗ್ರೂಪ್‌ನಲ್ಲಿ ಲ್ಯಾಂಡ್ ರೋವರ್ ಡಿಸ್ಕವರಿ 4: ಎಷ್ಟು ದೊಡ್ಡ ಟೈರ್, ಎಷ್ಟು ಎತ್ತರ?

ನಾನು: (ಫಾರ್ವರ್ಡ್ ಮಾಡಿದ್ದು) ಡಿಸ್ಕವರಿ 4, 3.0 ಡೀಸೆಲ್. ಆಫ್‌ರೋಡ್ ಪ್ಯಾಕೇಜ್. 17 ಇಂಚಿನ ರಿಮ್, 285/70 ಆರ್17 ಮಡ್ ಟೈರ್, ಗಾಡಿ 2 ಇಂಚು ಏರಿಸೋ ಲಿಫ್ಟ್ ರಾಡ್ 4, 30 ಮಿ.ಮೀ. ಸ್ಪೇಸರ್ 4. ಒಂದೇ ದಿನದ ಕೆಲಸ.

ನಾನು: ಇದನ್ನೇ ಹಾಕಿಸೋಣ ಅಂತಿದೀನಿ. ಏನಂತೀರಿ ಎಲ್ಲಾ?

ಭಾವ: ಲಿಫ್ಟ್ ರಾಡ್ ಸುಲಭ. ನಾಲ್ಕು ಕಡೆ ಬಿಚ್ಚಿ ಹಾಕೋದಷ್ಟೇ. ಬೇಡ ಅನ್ನಿಸಿದ್ರೆ ಹಳೇದನ್ನ ವಾಪಸ್ ಹಾಕ್ಬಹುದು. ನಾನಂತೂ ಓಕೆ ಅಂತೀನಿ.

ಅಕ್ಕ: ಮೊದಲು ರಿಮ್ ನೋಡೋ. 3.0 ಗಾಡೀಲಿ ಮುಂದಿನ ಬ್ರೇಕ್ ಡಿಸ್ಕ್ 360 ಮಿ.ಮೀ. ಇದೆ. 17 ಇಂಚು ಅಂದ್ರೆ 432 ಮಿ.ಮೀ., ಅದೂ ಟೈರ್ ಬೀಡ್ (ಒಳ ಅಂಚು) ಕೂರೋ ಜಾಗದ ಅಳತೆ. ಡಿಸ್ಕು, ಅದನ್ನ ಹಿಡಿದು ನಿಲ್ಲಿಸೋಕೆ ಮೇಲೆ ಚಾಚಿಕೊಂಡಿರೋ ಕ್ಯಾಲಿಪರ್ರು, ರಿಮ್ಮಿನ ದಪ್ಪ ಎಲ್ಲಾ ಅದರೊಳಗೇ ಹಿಡೀಬೇಕು. ಹಿಡಿಯಲ್ಲ. ಆ ಎಂಜಿನ್ ಜೊತೆ 19 ಇಂಚಿನ ರಿಮ್ ಬರೋದು ಇದೇ ಕಾರಣಕ್ಕೆ.

ಚಿಕ್ಕಪ್ಪ: ಸರಿಯಾಗಿ ಹೇಳಿದೆ ಕಣಮ್ಮಾ. ಆದ್ರೆ ಅದಕ್ಕಿಂತ ದೊಡ್ಡ ಸಮಸ್ಯೆ ಆ ಏರ್ ಸಸ್ಪೆನ್ಷನ್ನು. ತೆಗೆದು ಕಾಯಿಲ್ ಸ್ಪ್ರಿಂಗ್ ಹಾಕಿಸಿ. ಕಂಪ್ರೆಸರ್, ಗಾಳಿ ಹಂಚೋ ವಾಲ್ವ್ ಬ್ಲಾಕ್, ಗಾಳಿ ತುಂಬೋ ರಬ್ಬರ್ ಚೀಲ ಅಂದ್ರೆ ಬೆಲ್ಲೋಸ್, ಯಾವುದರ ರಗಳೆಯೂ ಇರಲ್ಲ. ಕಾಡಿನ ಮಧ್ಯೆ ಗಾಳಿ ಹೋಗಿ ಗಾಡಿ ಬಂಪ್ ಸ್ಟಾಪ್ (ಕೊನೇ ರಬ್ಬರ್ ತಡೆ) ಮೇಲೆ ಕೂತುಬಿಟ್ರೆ ಏನ್ ಮಾಡ್ತೀರಿ?

ಅಕ್ಕ: ಅದಕ್ಕೆ ಬರ್ತೀನಿ ಚಿಕ್ಕಪ್ಪ, ಟೈರ್ ಒಂದು ಮುಗಿಸಿಬಿಡ್ತೀನಿ.

ಅಕ್ಕ: ಕಂಪನಿ ಸೈಜು 255/55 ಆರ್19. ಅಂದ್ರೆ ಅಗಲ 255 ಮಿ.ಮೀ., ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಅದರ 55%, ರಿಮ್ 19 ಇಂಚು. ವ್ಯಾಸ 763 ಮಿ.ಮೀ., ಸೈಡ್‌ವಾಲ್ 140. ಫಾರ್ವರ್ಡ್‌ನಲ್ಲಿರೋ 285/70 ಆರ್17 ವ್ಯಾಸ 831. ಅಂದ್ರೆ 68 ಹೆಚ್ಚು, ಆದ್ರೆ ಗಾಡಿ ಏಳೋದು ಅದರ ಅರ್ಧ, 34 ಮಾತ್ರ. ಅಷ್ಟಕ್ಕೆ ವೀಲ್ ಆರ್ಚ್ ಲೈನರ್ ಕೊಯ್ಯಬೇಕು, ಮುಂದಿನ ಚಕ್ರದ ಹಿಂಬದಿಯ ಲೋಹದ ಅಂಚು ಬಡಿದು ಮಡಚಬೇಕು. ಬೇಕಾ?

ನಾನು: ಹಾಗಾದ್ರೆ ಯಾವ ಸೈಜು?

ಅಕ್ಕ: ಎರಡೇ ದಾರಿ. ಈಗಿರೋ 19 ರಿಮ್ಮೇ ಉಳಿಸ್ಕೊಂಡ್ರೆ 255/60 ಆರ್19: ವ್ಯಾಸ 789, ಸೈಡ್‌ವಾಲ್ 153. ಇಲ್ಲ, ಈ ಕ್ಯಾಲಿಪರ್ರಿಗೆ ಅಂತಲೇ ಮಾಡಿದ 18 ರಿಮ್ ಸಿಕ್ಕಿದ್ರೆ 265/65 ಆರ್18: ವ್ಯಾಸ 802, ಸೈಡ್‌ವಾಲ್ 172. ನನ್ನ ಓಟು ಎರಡನೇದಕ್ಕೆ. 140ರಿಂದ 172 ಅಂದ್ರೆ ಕಲ್ಲಿನ ಪೆಟ್ಟು ರಿಮ್ಮಿಗೆ ತಾಗೋ ಮುಂಚೆ 32 ಮಿ.ಮೀ. ಹೆಚ್ಚು ರಬ್ಬರ್ ಅಡ್ಡ ಇರುತ್ತೆ. ಗಾಳಿ ಇಳಿಸಿ ಮರಳಲ್ಲಿ ಹೋಗುವಾಗ ಟೈರ್ ಉದ್ದಕ್ಕೆ ಹರಡಿಕೊಳ್ಳೋದೂ ಈ ಸೈಡ್‌ವಾಲ್ ಇದ್ರೇನೇ. ನೀನು ದೊಡ್ಡ ಟೈರ್ ಅಂತ ಹುಡುಕ್ತಿರೋದು ನಿಜವಾಗಿ ಇದನ್ನೇ.

ಭಾವ: 18 ರಿಮ್ ತಗೊಳ್ಳೋವಾಗ ಏನ್ ನೋಡ್ಬೇಕು?

ಅಕ್ಕ: ರೀ, 5 ಬೋಲ್ಟ್, ಪಿಸಿಡಿ (ಬೋಲ್ಟ್‌ಗಳ ವೃತ್ತದ ವ್ಯಾಸ) 120, ಮಧ್ಯದ ತೂತು 72.6, ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ಕೂರೋ ಮುಖಕ್ಕಿರೋ ದೂರ) 53ರ ಹತ್ತಿರ, ಎಲ್ಲಾ ಮಿ.ಮೀ.ನಲ್ಲಿ. ಟೈರ್ ಕೂರಿಸೋ ಮುಂಚೆ ಬರೀ ರಿಮ್ ಹಬ್ಬಿಗೆ ಹಾಕಿ ಎಲ್ಲಾ ನಟ್ ಬಿಗಿದು ಕೈಯಲ್ಲಿ ತಿರುಗಿಸಿ. ಕ್ಯಾಲಿಪರ್ ಮತ್ತು ರಿಮ್ ನಡುವೆ 3 ಮಿ.ಮೀ. ಆದ್ರೂ ಇರಬೇಕು, ಒಳಬದಿಗೆ ಅಂಟಿಸೋ ಬ್ಯಾಲೆನ್ಸ್ ತೂಕಕ್ಕೂ ಜಾಗ ಬೇಕು. ಆ ತೂಕ ಕ್ಯಾಲಿಪರ್ರಿಗೆ ಉಜ್ಜಿ ಉದುರಿಹೋದ್ರೆ ಸ್ಟೀರಿಂಗ್ ನಡುಗುತ್ತೆ, ಕಾರಣ ಮಾತ್ರ ಬೇಗ ಸಿಗಲ್ಲ.

ನಾನು: ಹಬ್ಬಿಗೂ ರಿಮ್ಮಿಗೂ ನಡುವೆ ಆ ಸ್ಪೇಸರ್ ಬಿಲ್ಲೆ ಹಾಕಿದ್ರೆ ಟೈರ್ ಒಳಗಡೆ ಉಜ್ಜಲ್ಲ ಅಂತಾರಲ್ಲ?

ಚಿಕ್ಕಪ್ಪ: ಒಳಗಡೆ ಉಜ್ಜಲ್ಲ, ಹೊರಗಡೆ ಉಜ್ಜುತ್ತೆ. ಚಕ್ರ ಹೊರಗೆ ಹೋದಷ್ಟೂ ಸ್ಟೀರಿಂಗ್ ತಿರುಗಿಸಿದಾಗ ಟೈರ್ ಸುತ್ತೋ ವೃತ್ತ ದೊಡ್ಡದಾಗುತ್ತೆ. ಹಿಂದಿನ ಅಂಚು ಸೀದಾ ಲೈನರ್ರಿಗೆ. ಮೇಲಿಂದ ವೀಲ್ ಬೇರಿಂಗ್ ಮೇಲೆ ಭಾರ, ಗುಂಡಿಗೆ ಬಿದ್ರೆ ಸ್ಟೀರಿಂಗ್ ಕೈಯಿಂದ ಕಿತ್ಕೊಂಡ ಹಾಗೆ ಆಗುತ್ತೆ. ಸ್ಪೇಸರ್ ಬೇಡವೇ ಬೇಡ.

ಅಕ್ಕ: ಇದರಲ್ಲಿ ನೀವೂ ನಾನೂ ಒಂದೇ ಚಿಕ್ಕಪ್ಪ 🙏

ಭಾವ: ಸರಿ, ರಾಡ್ ವಿಷಯ ಹೇಳಿ. ಅದರಲ್ಲೇನು ತಪ್ಪು? ಎಷ್ಟೋ ಜನ ಹಾಕ್ಕೊಂಡು ಓಡಿಸ್ತಿದಾರೆ.

ಅಕ್ಕ: ಪ್ರತಿ ಚಕ್ರಕ್ಕೂ ಒಂದು ಹೈಟ್ ಸೆನ್ಸರ್ ಇದೆ, ಅದನ್ನ ಸಸ್ಪೆನ್ಷನ್ ಆರ್ಮಿಗೆ ಜೋಡಿಸೋ ಸಣ್ಣ ಕಡ್ಡಿಯೇ ಈ ರಾಡ್. ಗಿಡ್ಡ ರಾಡ್ ಹಾಕಿದ್ರೆ ಗಾಡಿ ತಗ್ಗಿದೆ ಅಂತ ಕಂಪ್ಯೂಟರ್ ತಿಳ್ಕೊಂಡು ಗಾಳಿ ತುಂಬುತ್ತೆ. ಗಾಡಿ 50 ಮಿ.ಮೀ. ಮೇಲಿದ್ರೂ ಅದರ ಲೆಕ್ಕದಲ್ಲಿ ಅದು ನಾರ್ಮಲ್ಲೇ. ಕಂಪನಿ ಆಫ್‌ರೋಡ್ ಮೋಡ್ ಸುಮಾರು 55 ಏರಿಸುತ್ತೆ, ವೇಗ ಸುಮಾರು 50 ಕಿ.ಮೀ. ದಾಟಿದ್ರೆ ತಾನೇ ಇಳಿಯುತ್ತೆ. ರಾಡ್ ಹಾಕಿದ ಗಾಡಿ ಹೈವೇನಲ್ಲೂ ಎತ್ತರದಲ್ಲೇ ಓಡುತ್ತೆ, ತಿರುವಲ್ಲಿ ವಾಲೋದು ಜಾಸ್ತಿ.

ಅಕ್ಕ: ಅದರ ಮೇಲೆ ಆಫ್‌ರೋಡ್ ಮೋಡ್ ಒತ್ತಿದ್ರೆ 50+55. ಆಗ ಚಕ್ರ ಕೆಳಗೆ ಇಳಿಯೋಕೆ ಜಾಗವೇ ಉಳಿಯಲ್ಲ. ಹಳ್ಳ ಸಿಕ್ಕಾಗ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಪೂರ್ತಿ ಎಳೆದುಕೊಂಡು ಟಕ್ ಅಂತ ಹೊಡೀತದೆ, ಚಕ್ರ ಗಾಳೀಲಿ ನಿಲ್ಲುತ್ತೆ. ಎತ್ತರ ಸಿಕ್ತು, ಹಿಡಿತ ಹೋಯ್ತು. ಚಕ್ರ ತಿರುಗಿಸೋ ಡ್ರೈವ್ ಶಾಫ್ಟಿನ ಸಿವಿ ಜಾಯಿಂಟ್ (ಬಾಗೋ ಕೀಲು) ಕೋನ ಹೆಚ್ಚಾಗಿ ಅದರ ರಬ್ಬರ್ ಬೂಟ್ ಹರಿಯೋದು ಬೇರೆ.

ಭಾವ: ಆಫ್‌ರೋಡ್ ಮೋಡ್ ಬಳಸದೆ ಬರೀ ರಾಡ್ ಎತ್ತರದಲ್ಲೇ ಓಡಿಸಿದ್ರೆ?

ಅಕ್ಕ: ಆಗ ಬಟನ್ ಒತ್ತಿದ್ರೆ ಬರೋ ಎತ್ತರಕ್ಕೆ ರಾಡ್ ಹಾಕಿದ ಹಾಗಾಯ್ತು. ಲಾಭ ಏನಿದೆ ರೀ?

ಚಿಕ್ಕಪ್ಪ: ಅಳಿಯಂದ್ರೇ, ಇನ್ನೊಂದು ವಿಷಯ. ಸಸ್ಪೆನ್ಷನ್ ಆರ್ಮ್ ಕೀಲಿನ ಬುಶ್‌ಗಳು ರಬ್ಬರು, ಒಂದು ಕೋನದಲ್ಲಿ ಬಿಗಿದಿರ್ತಾರೆ. ಎತ್ತರ ಬದಲಾದ್ರೆ ಅವು ಯಾವಾಗಲೂ ತಿರುಚಿಕೊಂಡೇ ಇರ್ತವೆ, ಬೇಗ ಸೀಳ್ತವೆ. ಇಂಥ ರಬ್ಬರ್ ಬುಶ್ ಬದಲಾಯಿಸಿದ್ರೆ ಚಕ್ರ ನೆಲದ ಮೇಲಿದ್ದು ಗಾಡಿ ತನ್ನ ಎತ್ತರದಲ್ಲಿ ಇರುವಾಗಲೇ ಕೊನೇ ಬಿಗಿತ ಕೊಡಬೇಕು. ಜಾಕ್ ಮೇಲೆ ನೇತಾಡಿಸಿ ಬಿಗಿದ್ರೆ ಹೊಸ ಬುಶ್ಶೂ ಹಾಳು.

ಚಿಕ್ಕಪ್ಪ: ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ ಮಗಳೇ. ಕಾಯಿಲ್ ಯಾಕೆ ಬೇಡ?

ಅಕ್ಕ: ಈ ಗಾಡಿ ಏರ್ ಸಸ್ಪೆನ್ಷನ್‌ನಲ್ಲಿ ಎಡ-ಬಲ ಏರ್ ಸ್ಪ್ರಿಂಗ್‌ಗಳನ್ನ ಒಂದಕ್ಕೊಂದು ತೆರೆಯೋ ಕ್ರಾಸ್‌ಲಿಂಕ್ ವಾಲ್ವ್ ಇದೆ. ಆಫ್‌ರೋಡಲ್ಲಿ ಒಂದು ಚಕ್ರ ಬಂಡೆ ಏರಿದ್ರೆ ಆ ಕಡೆಯ ಗಾಳಿ ಇನ್ನೊಂದು ಕಡೆಗೆ ಹೋಗಿ ಆ ಚಕ್ರಾನ ನೆಲಕ್ಕೆ ಒತ್ತುತ್ತೆ, ಎರಡೂ ಚಕ್ರ ಒಂದೇ ಗಟ್ಟಿ ಅಚ್ಚಿನಲ್ಲಿರೋ ಸಾಲಿಡ್ ಆಕ್ಸಲ್ ಇದ್ದ ಹಾಗೆ. ಕಾಯಿಲ್ ಹಾಕಿದ ದಿನವೇ ಇದು ಹೋಯ್ತು. ಎತ್ತರ ಬದಲಾಯಿಸೋದೂ ಹೋಯ್ತು. ಜೊತೆಗೆ ಕಾಯಿಲ್ ಅನ್ನ ಒಂದು ನಿಗದಿ ಭಾರಕ್ಕೆ ಆರಿಸಬೇಕು: ಇಬ್ಬರೇ ಹೋದಾಗ ಗಡುಸು, ಏಳು ಜನ ಮತ್ತು ಲಗೇಜು ಇದ್ದಾಗ ಹಿಂಭಾಗ ಜೋತು ಬೀಳುತ್ತೆ.

ಚಿಕ್ಕಪ್ಪ: ಮೂಲೇಲಿ ಗಾಳಿ ಸೋರಿದ್ರೆ ಆ ವಾಲ್ವ್ ಏನ್ ಮಾಡುತ್ತೆ?

ಅಕ್ಕ: ಏನೂ ಮಾಡಲ್ಲ, ಒಪ್ತೀನಿ. ಅದಕ್ಕೇ ಟೈರ್ ಕೊಳ್ಳೋ ಮುಂಚೆ ಸೋರಿಕೆ ಹುಡುಕಬೇಕು ಅನ್ನೋದು. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಪ್ರತಿ ಚಕ್ರದ ನಡುಬಿಂದುವಿನಿಂದ ಆರ್ಚ್ ಅಂಚಿನವರೆಗೆ ಟೇಪ್ ಹಿಡಿದು ಬರ್ಕೋ. ಬೆಳಿಗ್ಗೆ ಬಾಗಿಲು ತೆಗೆಯದೆ ಮತ್ತೆ ಅಳೆ, ಬಾಗಿಲು ತೆಗೆದ್ರೆ ಸಿಸ್ಟಮ್ ಎದ್ದು ಮಟ್ಟ ಸರಿ ಮಾಡಿಬಿಡುತ್ತೆ. ಒಂದೇ ಮೂಲೆ ಇಳಿದಿದ್ರೆ ಆ ಬೆಲ್ಲೋಸ್ ಅಥವಾ ಅದರ ಪೈಪ್ ತುದಿ. ಒಂದೇ ಆಕ್ಸಲ್ಲಿನ ಎರಡೂ ಕಡೆ ಇಳಿದಿದ್ರೆ ವಾಲ್ವ್ ಬ್ಲಾಕ್ ಮೇಲೆ ಅನುಮಾನ. ಗಾಡಿ ಎತ್ತರದಲ್ಲಿಟ್ಟು ಬೆಲ್ಲೋಸ್ ಮಡಿಕೆಗೆ ಸೋಪಿನ ನೀರು ಹಚ್ಚು. ಬಿರುಕು ಸಾಮಾನ್ಯವಾಗಿ ಆ ಮಡಿಕೇಲೇ ಶುರುವಾಗೋದು, ಮಣ್ಣು ಅಲ್ಲೇ ಸೇರಿ ಉಜ್ಜುತ್ತೆ.

ಅಕ್ಕ: ಕಂಪ್ರೆಸರ್ ಸಾಯೋದೂ ಬಹಳ ಸಲ ಈ ಸೋರಿಕೆಯಿಂದ್ಲೇ. ಸೋರಿದ್ದನ್ನ ತುಂಬಿ ತುಂಬಿ ಬಿಸಿಯಾಗಿ ಸವೆಯುತ್ತೆ. ಹೊಸದು ಹಾಕುವಾಗ ಡ್ರೈಯರ್ (ಗಾಳಿಯ ತೇವ ಹೀರೋದು), ರಿಲೇ (ಕಂಪ್ರೆಸರ್ ಸ್ವಿಚ್) ಎರಡೂ ಹೊಸದಿರಲಿ. ಹಳೇ ರಿಲೇ ಅಂಟಿಕೊಂಡ್ರೆ ಹೊಸ ಕಂಪ್ರೆಸರ್ ನಿಲ್ಲದೆ ಓಡಿ ಸುಟ್ಟುಹೋಗುತ್ತೆ.

ಚಿಕ್ಕಪ್ಪ: ಒಂದು ಮಾತು ಸೇರಿಸ್ತೀನಿ. ಕಾಯಿಲ್ ಬೇಡ ಅನ್ನೋದಾದ್ರೆ ತುರ್ತು ವಾಲ್ವ್ ಆದ್ರೂ ಹಾಕಿಸಿ. ಪ್ರತಿ ಏರ್ ಸ್ಪ್ರಿಂಗ್ ಪೈಪಿಗೆ ಟಿ ಜೋಡಿಸಿ ಟೈರ್ ವಾಲ್ವ್ ಥರದ್ದು. ಸಿಸ್ಟಮ್ ಕೈಕೊಟ್ರೆ ಸಸ್ಪೆನ್ಷನ್ ಫ್ಯೂಸ್ ತೆಗೆದಿಟ್ಟು, ಟೈರ್ ಪಂಪಲ್ಲೇ ಗಾಳಿ ತುಂಬಿ ನಿಧಾನಕ್ಕೆ ಊರು ಸೇರ್ಬಹುದು. ಫ್ಯೂಸ್ ಮರೀಬೇಡಿ, ಇಲ್ಲದಿದ್ರೆ ಕಂಪ್ಯೂಟರ್ ತುಂಬಿದ ಗಾಳೀನ ಮತ್ತೆ ಹೊರಗೆ ಬಿಟ್ಟರೂ ಬಿಟ್ಟೀತು.

ಅಕ್ಕ: ಇದನ್ನ ಖಂಡಿತ ಮಾಡಿಸ್ಬೇಕು 👍

ನಾನು: ಮಡ್ ಟೈರಾ, ಆಲ್ ಟೆರೇನಾ?

ಭಾವ: ಆಲ್ ಟೆರೇನ್. ಮಡ್ ಟೈರಲ್ಲಿ ಒದ್ದೆ ಟಾರಿನ ಮೇಲೆ ಬ್ರೇಕಿಂಗ್ ದೂರ ಹೆಚ್ಚು, ಸದ್ದೂ ಹೆಚ್ಚು. ಓಡಾಟದ ಬಹುಪಾಲು ಟಾರ್ ರೋಡಲ್ಲೇ ತಾನೇ?

ಅಕ್ಕ: ಹೌದು. ಲೋಡ್ ಇಂಡೆಕ್ಸ್ 111ಕ್ಕಿಂತ ಕಮ್ಮಿ ತಗೋಬೇಡ, 111 ಅಂದ್ರೆ ಒಂದು ಟೈರಿಗೆ 1090 ಕೆಜಿ. ಎಲ್‌ಟಿ (ಲೈಟ್ ಟ್ರಕ್) ಟೈರ್ ಆದ್ರೆ ಸೈಡ್‌ವಾಲ್ ಗಟ್ಟಿ, ಆದ್ರೆ ತೂಕ ಜಾಸ್ತಿ, ಮತ್ತು ಅದೇ ಭಾರ ಹೊರೋಕೆ ಹೆಚ್ಚು ಗಾಳಿ ಬೇಕು. ಬಾಗಿಲ ಚೀಟೀಲಿರೋ ಪ್ರೆಶರ್ ಅದಕ್ಕೆ ಹೊಂದಲ್ಲ, ಟೈರ್ ಕಂಪನಿಯ ಲೋಡ್ ಟೇಬಲ್ ನೋಡು. ಮರಳಿಗೆ 18 ಪಿಎಸ್‌ಐಗೆ ಇಳಿಸು. 15ಕ್ಕಿಂತ ಕೆಳಗೆ ಹೋಗಿ ಗಕ್ಕನೆ ತಿರುಗಿಸಿದ್ರೆ ಬೀಡ್ ಕಳಚಬಹುದು.

ಅಕ್ಕ: ಸ್ಪೀಡೋಮೀಟರ್ ಕೂಡ. 763ರಿಂದ 802ಕ್ಕೆ ಹೋದ್ರೆ ಸುಮಾರು 5% ವ್ಯತ್ಯಾಸ. ಅದರಿಂದ ವೇಗ ಇರೋದಕ್ಕಿಂತ ಕಮ್ಮಿ ತೋರುತ್ತೆ, ಎಳೆತವೂ ಅಷ್ಟೇ ತಗ್ಗುತ್ತೆ. ಗಾಡಿ ಕಂಪ್ಯೂಟರಿಗೆ ಜೋಡಿಸೋ ಗ್ಯಾಪ್ ಐಐಡಿ ಟೂಲ್‌ನಲ್ಲಿ ಟೈರ್ ಸೈಜ್ ತಿದ್ದಬಹುದು. ಅಲೈನ್‌ಮೆಂಟ್ ಮಾಡಿಸೋವಾಗ ಅದೇ ಟೂಲ್‌ನಲ್ಲಿ ಟೈಟ್ ಟಾಲರೆನ್ಸ್ ಮೋಡ್ ಹಾಕು, ಇಲ್ಲದಿದ್ರೆ ಎತ್ತರ ಆಚೀಚೆ ಆಗಿ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋ ಕೋನ) ಅಳತೆ ತಪ್ಪುತ್ತೆ.

ಭಾವ: ಸ್ಟೆಪ್ನಿ?

ಚಿಕ್ಕಪ್ಪ: ಅದೂ ಅದೇ ಸೈಜೇ ಬೇಕು. ಸದಾ ನಾಲ್ಕೂ ಚಕ್ರ ಎಳೆಯೋ ಗಾಡಿ ಇದು, ಒಂದು ಚಕ್ರದ ವ್ಯಾಸ ಬೇರೆ ಆದ್ರೆ ಡಿಫರೆನ್ಷಿಯಲ್ ಬಿಡುವಿಲ್ಲದೆ ತಿರುಗಿ ಬಿಸಿಯಾಗುತ್ತೆ. ಸ್ಟೆಪ್ನಿ ಜಾಗ ಗಾಡಿ ಅಡಿಯಲ್ಲಿ. 802 ಹಿಡಿಯುತ್ತಾ ಅಂತ ಮೊದಲೇ ಟೇಪ್ ಹಿಡಿದು ನೋಡಿ.

ಅಕ್ಕ: ಮೊದಲು ಎರಡೇ ಟೈರ್ ಮುಂದೆ ಹಾಕಿಸಿ ನೋಡು. ಗಾಡಿ ನಿಂತಲ್ಲೇ ಇರಲಿ, ರೋಡಿಗಿಳಿಸಬೇಡ. ಆಕ್ಸೆಸ್ ಹೈಟಿಗೆ (ಹತ್ತಿ ಇಳಿಯೋಕೆ ಇರೋ ತಗ್ಗು ಎತ್ತರ) ಇಳಿಸಿ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸು. ತಾಗದಿದ್ರೆ ಉಳಿದ ಮೂರು ತರಿಸು. ನಟ್ 140 ನ್ಯೂಟನ್ ಮೀಟರ್, 50 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕು.

ನಾನು: ಸರಿ ಅಕ್ಕ. ರಾಡ್, ಸ್ಪೇಸರ್, 17 ರಿಮ್ ಮೂರೂ ಕೈಬಿಟ್ಟೆ. ಇವತ್ತು ರಾತ್ರಿ ನಾಲ್ಕೂ ಮೂಲೆ ಅಳತೆ ಬರ್ಕೋತೀನಿ, ಬೆಳಿಗ್ಗೆ ಮತ್ತೆ ಅಳೆದು ಇಲ್ಲೇ ಹಾಕ್ತೀನಿ.

ಚಿಕ್ಕಪ್ಪ: 10 ಮಿ.ಮೀ.ಗಿಂತ ಹೆಚ್ಚು ಇಳಿದಿದ್ರೆ ಕಾಯಿಲ್ ಮಾತು ಮತ್ತೆ ಎತ್ತೋನೇ ನಾನು.

ಅಕ್ಕ: ಎತ್ತಿ ಚಿಕ್ಕಪ್ಪ. ಆದ್ರೆ ಸೋಪಿನ ನೀರು ಹಚ್ಚಿದ ಮೇಲೆ.