ಪ್ರಾರ್ಥಿಸಿದರೂ ಬಲ ಬಂದಂತೆ ಅನಿಸದಿದ್ದರೆ ಅದು ಅವಿಶ್ವಾಸವೇ?

ಪ್ರಶ್ನೆ

ಕ್ರಿಸ್ತನಲ್ಲಿ ಪ್ರಿಯ ಸಹೋದರ ಸಹೋದರಿಯರಿಗೆ ವಂದನೆಗಳು. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿರುವ ತಾಯಿಯನ್ನು ನಾನೊಬ್ಬಳೇ ನೋಡಿಕೊಳ್ಳುತ್ತಿದ್ದೇನೆ. ಬೆನ್ನಿನಲ್ಲಿ ಹುಣ್ಣಾಗಬಾರದೆಂದು ರಾತ್ರಿಯಲ್ಲಿಯೂ ಎರಡು ಗಂಟೆಗೊಮ್ಮೆ ಎದ್ದು ಅವರ ಮಗ್ಗುಲು ಬದಲಿಸಬೇಕು. ಒಂದು ಕೈಯನ್ನು ಹೆಗಲಿನ ಕೆಳಗೂ ಇನ್ನೊಂದನ್ನು ಸೊಂಟದ ಕೆಳಗೂ ಕೊಟ್ಟು ಹೊರಳಿಸುವಾಗ "ಕರ್ತನೇ, ಬಲ ಕೊಡು" ಎಂದಷ್ಟೇ ಹೇಳುತ್ತೇನೆ. ಅದಕ್ಕಿಂತ ಉದ್ದದ ಪ್ರಾರ್ಥನೆ ಈಗ ನನ್ನಿಂದ ಆಗುತ್ತಿಲ್ಲ. ಆದರೆ ಬಲ ಬಂದಂತೆ ಒಮ್ಮೆಯೂ ಅನಿಸಿಲ್ಲ. ಬರುವುದು ದಣಿವು, ಕೆಲವು ರಾತ್ರಿ ದೇವರ ಮೇಲೆಯೇ ಸಿಟ್ಟು. ಸಭೆಯಲ್ಲಿ ಇದನ್ನು ಹೇಳಿಕೊಂಡಾಗ, ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನಾಗಿದ್ದೇನೆಂದು ಪೌಲನು ಬರೆದಿರುವುದನ್ನು ನೆನಪಿಸಿದ ಹಿರಿಯರೊಬ್ಬರು, ನಿಜವಾದ ನಂಬಿಕೆಯಿರುವವರ ಬಾಯಲ್ಲಿ ಸೋತೆನೆಂಬ ಮಾತು ಬರಬಾರದು ಎಂದರು. ಹಾಗಾದರೆ ನನ್ನಲ್ಲಿರುವುದು ನಂಬಿಕೆಯೇ ಅಲ್ಲವೇ? ಬಲಕ್ಕಾಗಿ ದೇವರ ಮೇಲೆ ಭರವಸವಿಡುವುದೆಂದರೆ ಏನು ಮಾಡಬೇಕು?

ಮೊದಲ ಉತ್ತರ

ಸಹೋದರಿ, ಆ ಹಿರಿಯರು ನೆನಪಿಸಿದ ವಚನವನ್ನು ಅದರ ಹಿಂದುಮುಂದಿನ ವಚನಗಳೊಂದಿಗೆ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಫಿಲಿಪ್ಪಿ ಪಟ್ಟಣದ ಸಭೆಯವರಿಗೆ ಆ ಪತ್ರವನ್ನು ಬರೆದಾಗ ಪೌಲನು ಸೆರೆಯಲ್ಲಿದ್ದನು. 4ನೆಯ ಅಧ್ಯಾಯದ 11 ಮತ್ತು 12ನೆಯ ವಚನಗಳಲ್ಲಿ ಅವನು ಹೇಳುವುದು ಹಸಿವೆ, ಕೊರತೆ, ಸಮೃದ್ಧಿ ಈ ಎಲ್ಲ ಸ್ಥಿತಿಗಳಲ್ಲಿಯೂ ಇರುವುದನ್ನು ತಾನು ಕಲಿತುಕೊಂಡೆನೆಂದು. ಅಂದರೆ 13ನೆಯ ವಚನದ "ಎಲ್ಲ"ದರೊಳಗೆ ಹಸಿದಿರುವುದೂ ಸೇರಿದೆ. ಕಷ್ಟವನ್ನು ಗೆದ್ದು ಬಂದವನ ಮಾತಲ್ಲ ಅದು, ಇನ್ನೂ ಕಷ್ಟದೊಳಗೇ ಇದ್ದವನ ಮಾತು.

ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು 14ನೆಯ ವಚನ, ಅದನ್ನು ಉದಾಹರಿಸುವವರು ಬಹಳ ಕಡಿಮೆ. ಎಲ್ಲಕ್ಕೂ ಶಕ್ತನೆಂದು ಬರೆದ ಅದೇ ಪೌಲನು, ನೀವು ನನ್ನ ಸಂಕಟದಲ್ಲಿ ಪಾಲುಗಾರರಾದದ್ದು ಒಳ್ಳೆಯದಾಯಿತೆಂದು ಕೂಡಲೇ ಸೇರಿಸುತ್ತಾನೆ. ಆ ಸಭೆಯು ಎಪಫ್ರೊದೀತನ ಕೈಯಲ್ಲಿ ಅವನಿಗೆ ಸಹಾಯವನ್ನು ಕಳುಹಿಸಿತ್ತು, ಆ ಸೇವೆಯಲ್ಲಿ ಎಪಫ್ರೊದೀತನು ಸಾಯುವ ಸ್ಥಿತಿಗೂ ಹೋಗಿಬಂದಿದ್ದನು. ಕ್ರಿಸ್ತನು ಪೌಲನಿಗೆ ಕೊಟ್ಟ ಬಲದಲ್ಲಿ ಒಂದು ಪಾಲು ಹೀಗೆ ಮನುಷ್ಯರ ಕೈಯಿಂದಲೇ ಬಂದಿತು. ನಿಮಗೆ ವಚನವನ್ನು ನೆನಪಿಸಿದವರು ಒಂದು ರಾತ್ರಿ ನಿಮ್ಮ ತಾಯಿಯ ಬಳಿ ಎಚ್ಚರವಾಗಿ ಕುಳಿತಿದ್ದರೆ 13 ಮತ್ತು 14 ಎರಡೂ ಒಟ್ಟಿಗೆ ನೆರವೇರುತ್ತಿದ್ದವು ಎಂದು ಹೇಳದೆ ಇರಲಾರೆ.

ಎರಡನೆಯ ಉತ್ತರ

ಮೇಲಿನವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇಲ್ಲ. ಬಾಯಿಂದ ಸೋಲನ್ನೇ ನುಡಿಯುತ್ತಿದ್ದರೆ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಯೆಹೋವನನ್ನು ನಿರೀಕ್ಷಿಸುವವರು ಹೊಸ ಬಲವನ್ನು ಹೊಂದುವರು, ಹದ್ದುಗಳಂತೆ ರೆಕ್ಕೆಗಳನ್ನು ಚಾಚಿಕೊಂಡು ಏರುವರು ಎಂಬ ಯೆಶಾಯನ ವಾಗ್ದಾನವನ್ನು ಹಿಡಿದುಕೊಂಡು, ಜಯ ಸಿಕ್ಕಿತೆಂದೇ ಬಾಯಿಂದ ಅರಿಕೆಮಾಡಿರಿ ಸಹೋದರಿ.

ಮೂರನೆಯ ಉತ್ತರ

ವಾಗ್ದಾನವನ್ನು ಹಿಡಿದುಕೊಳ್ಳಬೇಕೆಂಬುದು ಸರಿ. ಆದರೆ ಯೆಶಾಯ 40:31 ಹದ್ದಿನಂತೆ ಏರುವುದರಲ್ಲಿ ಮುಗಿಯುವುದಿಲ್ಲ. ಓಡಿ ದಣಿಯರು, ನಡೆದು ಬಳಲರು ಎಂದು ಮುಂದುವರಿದು, ನಡೆಯುವುದರಲ್ಲಿ ಬಂದು ನಿಲ್ಲುತ್ತದೆ. ರೋಗಿಯ ಮಗ್ಗುಲಲ್ಲಿ ರಾತ್ರಿ ಕಳೆಯುವವರಿಗೆ ಬೇಕಾದದ್ದು ಈ ನಡೆಯುವ ಬಲ, ಮತ್ತು ಅದು ಒಳಗೆ ಉಕ್ಕುವ ಉತ್ಸಾಹವಾಗಿ ಅನುಭವಕ್ಕೆ ಬರಲೇಬೇಕೆಂಬ ನಿಯಮವಿಲ್ಲ.

ಜಯವನ್ನೇ ಅರಿಕೆಮಾಡಬೇಕು ಎಂಬುದರ ಬಗ್ಗೆ: ಹಾಗಿದ್ದರೆ ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆಯ ತೋಟದಲ್ಲಿ ನಮ್ಮ ಕರ್ತನಾದ ಯೇಸು ತನ್ನ ಪ್ರಾಣವು ಸಾಯುವಷ್ಟು ದುಃಖಕ್ಕೊಳಗಾಗಿದೆ ಎಂದು ಶಿಷ್ಯರ ಮುಂದೆ ಹೇಳಿದ್ದನ್ನು ನಾವು ಏನೆಂದು ಕರೆಯೋಣ? ಲೂಕನ ಸುವಾರ್ತೆಯ 22ನೆಯ ಅಧ್ಯಾಯದಲ್ಲಿ ಪರಲೋಕದಿಂದ ಒಬ್ಬ ದೂತನು ಕಾಣಿಸಿಕೊಂಡು ಆತನನ್ನು ಬಲಪಡಿಸಿದನೆಂದು ಬರೆದಿದೆ. ಅದರ ಮುಂದಿನ ವಚನವು ಸಮಾಧಾನವನ್ನು ವರ್ಣಿಸುತ್ತದೆ ಎಂದು ನಾವು ಎಣಿಸಬಹುದು, ಆದರೆ ಅಲ್ಲಿರುವುದು ಮನೋವ್ಯಥೆ, ಇನ್ನೂ ಆಸಕ್ತಿಯ ಪ್ರಾರ್ಥನೆ, ರಕ್ತದ ಹನಿಗಳಂತೆ ನೆಲಕ್ಕೆ ಬೀಳುವ ಬೆವರು. ದೂತನು ತಂದ ಬಲವು ವೇದನೆಯನ್ನು ಕಳೆಯಲಿಲ್ಲ, ತೊಲಗಿಸೆಂದು ಆತನು ಬೇಡಿದ ಸಂಕಟದ ಪಾತ್ರೆಯನ್ನೂ ತೊಲಗಿಸಲಿಲ್ಲ. ಆ ವೇದನೆಯಲ್ಲಿಯೇ ತಂದೆಯೊಡನೆ ಮಾತನಾಡುತ್ತಿರುವುದಕ್ಕೆ ಸಾಕಾಯಿತು. ನೀವು ಮಗ್ಗುಲು ಬದಲಿಸುವಾಗ ಎರಡು ಮಾತಿನಲ್ಲಿಯಾದರೂ ಪ್ರಾರ್ಥಿಸುತ್ತಿದ್ದೀರಿ. ಸಿಟ್ಟು ಬಂದಾಗಲೂ ಅದನ್ನು ದೇವರ ಮೇಲೆಯೇ ತೋರಿಸುತ್ತಿದ್ದೀರಿ, ಆತನಿಗೆ ಬೆನ್ನು ತಿರುಗಿಸಿಲ್ಲ. ಇದು ಭರವಸವಲ್ಲದಿದ್ದರೆ ಮತ್ತಾವುದು?

ಇನ್ನೊಂದು ಮಾತು. ರಾಣಿ ಈಜೆಬೆಲಳಿಗೆ ಹೆದರಿ ಅರಣ್ಯಕ್ಕೆ ಓಡಿಹೋದ ಪ್ರವಾದಿ ಎಲೀಯನು ಒಂದು ಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣವನ್ನು ತೆಗೆದುಬಿಡು ಎಂದನು. ದೇವರು ಆಗ ಅವನನ್ನು ಗದರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮಲಗಿದ್ದವನನ್ನು ದೂತನು ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಎಲೀಯನು ಉಂಡು ಮತ್ತೆ ಮಲಗಿದನು, ದೂತನು ಎರಡನೆಯ ಸಾರಿ ಬಂದು, ಪ್ರಯಾಣವು ನಿನ್ನ ಶಕ್ತಿಗೆ ಮೀರಿದ್ದೆಂದು ಹೇಳಿ ಮತ್ತೆ ಉಣ್ಣಿಸಿದನು. ಹೋರೇಬ್ ಬೆಟ್ಟಕ್ಕೆ ನಡೆದ 40 ದಿನಗಳ ಬಲ ಆ ಊಟದಿಂದ ಬಂದಿತು. ಆದುದರಿಂದ ನಿಮ್ಮ ನಿದ್ರೆಯನ್ನು ಲೌಕಿಕ ವಿಷಯವೆಂದು ತಳ್ಳಿಹಾಕಬೇಡಿರಿ. ಬದುಕೇ ಬೇಡವೆನ್ನುವ ಯೋಚನೆ ನಿಮಗೂ ಬರುತ್ತಿದ್ದರೆ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿರಿ. ಅದಕ್ಕಾಗಿ ಔಷಧಿ ತೆಗೆದುಕೊಂಡರೆ ನಂಬಿಕೆಗೆ ಯಾವ ಕುಂದೂ ಬರುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಅಂಥ ಯೋಚನೆ ಬಂದಿಲ್ಲ, ನಿದ್ರೆ ಮಾತ್ರ ಇಲ್ಲ. 14ನೆಯ ವಚನವನ್ನು ಈ ಬೆಳಿಗ್ಗೆ ಓದಿದೆ. ಸಭೆಯಲ್ಲಿ ಇಷ್ಟು ದಿನ "ನಮಗಾಗಿ ಪ್ರಾರ್ಥಿಸಿರಿ" ಎಂದಷ್ಟೇ ಕೇಳುತ್ತಿದ್ದೆ. ಈ ಭಾನುವಾರ ವಾರಕ್ಕೆ ಎರಡು ರಾತ್ರಿ ಯಾರಾದರೂ ಬಂದು ಇರಲು ಸಾಧ್ಯವೇ ಎಂದು ನೇರವಾಗಿ ಕೇಳುತ್ತೇನೆ. ಇನ್ನೊಂದು ಸಣ್ಣ ವಿಷಯ: ಸಿಟ್ಟು ಬಂದ ರಾತ್ರಿಗಳಲ್ಲಿ ಓದಲು ಯಾವುದಾದರೂ ಕೀರ್ತನೆಯನ್ನು ತಿಳಿಸುವಿರಾ? ಉದ್ದದ್ದನ್ನು ಓದುವಷ್ಟು ಕಣ್ಣು ತೆರೆದಿರುವುದಿಲ್ಲ.

ಮೊದಲ ಉತ್ತರ ಬರೆದವರು

13ನೆಯ ಕೀರ್ತನೆಯನ್ನು ಓದಿರಿ, ಆರೇ ವಚನಗಳಿವೆ. ದಾವೀದನು ಅದರ ಮೊದಲ ಎರಡು ವಚನಗಳಲ್ಲಿಯೇ ಇನ್ನೆಷ್ಟರವರೆಗೆ ಎಂದು ದೇವರನ್ನು ಮೇಲಿಂದ ಮೇಲೆ ಕೇಳಿ, ಕೊನೆಗೆ ಆತನ ಕೃಪೆಯಲ್ಲಿ ಭರವಸವಿಟ್ಟಿದ್ದೇನೆ ಎನ್ನುತ್ತಾನೆ. ಆ ಕೊನೆಯ ಮಾತು ಕೂಡ ಬಾಯಿಗೆ ಬಾರದಂಥ ರಾತ್ರಿಗಳಿಗೆ 88ನೆಯದು ಇದೆ. ಅದು ಸ್ವಲ್ಪ ಉದ್ದ, ಕತ್ತಲೆಯಲ್ಲಿಯೇ ಮುಗಿಯುತ್ತದೆ, ಆದರೂ ರಕ್ಷಿಸುವ ದೇವರೇ ಎಂದು ಆತನನ್ನು ಕರೆದೇ ಆರಂಭವಾಗುತ್ತದೆ.