ಅಪ್‌ಡೇಟ್: ಕ್ಲಾಸಲ್ಲಿ ಓದುವಾಗ ಮಗಳು ಉಗ್ಗುತ್ತಾಳೆ ಅಂತ ಕೇಳಿದ್ದೆ

ಆರನೇ ಕ್ಲಾಸಿನ ಮಗಳು ಪಾಠ ಓದಲು ಎದ್ದು ನಿಂತರೆ ಮಾತು ಸಿಕ್ಕಿಕೊಳ್ಳುತ್ತೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಕೈ ಹಿಡಿದದ್ದು 'ಜೊತೆಗೆ ಇನ್ನೊಬ್ಬರು ಓದಲಿ' ಅಂದವರ ಸಲಹೆ. ಮಿಸ್ ಹತ್ತಿರ ಮಾತಾಡಿದೆ. ಈಗ ಇಡೀ ಕ್ಲಾಸೇ ಇಬ್ಬಿಬ್ಬರಾಗಿ ಓದುತ್ತದೆ, ಅವಳೊಬ್ಬಳಿಗೆ ಅಂತಲ್ಲ. ಪಕ್ಕದವಳ ದನಿ ಸೇರಿದರೆ ಸಾಕು, 'ಪ', 'ಕ' ಎಲ್ಲೂ ತಡೆಯುವುದಿಲ್ಲ! ಹಾಜರಿಗೆ 'ಪ್ರೆಸೆಂಟ್ ಮಿಸ್' ಬದಲು ಕೈ ಎತ್ತಿದರೂ ನಡೆಯುತ್ತೆ. ಒಬ್ಬಳೇ ಮಾತಾಡುವಾಗ ಉಗ್ಗು ಇದ್ದೇ ಇದೆ.

ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದಕ್ಕೆ ಮುಖ ಕಿವುಚಿದಳು, ಅಷ್ಟೇ. 'ನಿಧಾನ, ಉಸಿರು ತಗೋ' ಅಂದರೆ ಇನ್ನೂ ಜಾಸ್ತಿ ತಡವರಿಸಿದಳು.

ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಥೆರಪಿ ಶುರುವಾಗಿದೆ. ಇದು ಹೆದರಿಕೆಯಿಂದ ಬರುವುದಲ್ಲ, ಮನೆತನದಲ್ಲಿ ಬರುವುದುಂಟು ಅಂದರು. ಮನೆಗೆ ಬಂದು ಹೇಳಿದರೆ ನಮ್ಮ ಮಾವ, "ನನಗೂ ಇತ್ತಲ್ಲಮ್ಮ, ಅದಕ್ಕೇ ಫೋನ್ ಎತ್ತುತ್ತಿರಲಿಲ್ಲ" ಅನ್ನಬೇಕಾ! ಸಿಡುಕು ಅಂದುಕೊಂಡಿದ್ದೆವು ನಾವೆಲ್ಲ.

ಇನ್ನೊಂದು: ಅವಳ ಪದವನ್ನು ನಾವು ಮುಗಿಸಿಕೊಡಬಾರದು, ಮುಖ ನೋಡುತ್ತಾ ಕಾಯಬೇಕು ಅಂದಿದ್ದಾರೆ. ಅತ್ತೆಗೆ ಮಾತ್ರ ಇದು ಇನ್ನೂ ಆಗುತ್ತಿಲ್ಲ.